ಮೈಕಿನಲ್ಲಿ ಓದಿದ ಆಯೇರಿ

ಜಹೀರಾಬಾದ್,
೧೨ ನವೆಂಬರ್ ೨೦೨೫, ಬುಧವಾರ ಮಧ್ಯಾಹ್ನ

ನನ್ನ ಮುದ್ದು ಮೊಮ್ಮಗಳು ಶಿವಕಾಂತಾಗೆ ನಿನ್ನ ಆಯಿ ಪಾರ್ವತಿಬಾಯಿ ಮಾಡುವ ಆಶೀರ್ವಾದಗಳು.

ಮೊದಲು ನಿನ್ನ ತೋಳಿನ ಸುದ್ದಿ ಹೇಳು. ಮೂಳೆ ನೆಟ್ಟಗೆ ಕೂಡಿತೇ, ನೀರಿನ ಕೊಡ ಎತ್ತಿದರೆ ಈಗಲೂ ಸೆಳೆಯುತ್ತದೆಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಮೊದಲಿನ ಹಾಗೆ ಚಹಾ ಕುಡಿದು ಹೊಟ್ಟೆ ತುಂಬಿತು ಅನ್ನುತ್ತೀಯೋ? ತಾಂಡೂರಿನ ಕಲ್ಲಿನ ಧೂಳು ಕೆಟ್ಟದ್ದಂತೆ, ಹೊರಗೆ ಹೋಗುವಾಗ ಮೂಗಿಗೆ ಸೆರಗು ಅಡ್ಡ ಹಿಡಿ. ನನ್ನ ಕೆಮ್ಮು ಹಾಗೇ ಇದೆ, ಅದರ ಮಾತು ಆಮೇಲೆ. ಆಯಿಗೆ ತಾಂಡೂರು ಎಂದು ಹೇಗೆ ಗೊತ್ತಾಯಿತು ಎಂದು ನಿನಗೆ ಈಗಲೇ ಎದೆ ಧಸಕ್ಕೆಂದಿರಬೇಕು. ಅದನ್ನೇ ಹೇಳಲು ಕೂತಿದ್ದೇನೆ. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಜೋಳದ ಡಬ್ಬಿಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ನಗಬೇಡ. ಪಡಸಾಲೆಯಲ್ಲಿ ನಿನ್ನ ಗಂಡ ಪ್ರವೀಣಕುಮಾರ ಕೂತಿದ್ದಾನೆ.

ಹೆದರಬೇಡ ಎಂದು ಬರೆಯಬೇಕೆಂದಿದ್ದೆ. ಸುಳ್ಳು ಯಾಕೆ, ನಾನೇ ಹೆದರಿದ್ದೇನೆ, ನೀನೂ ಸ್ವಲ್ಪ ಹೆದರಿದರೆ ಒಳ್ಳೆಯದು. ನಾರಾಯಣಖೇಡದ ಅವನ ಮನೆಯಿಂದ ನೀನು ಮುರಿದ ತೋಳು ಹಿಡಿದುಕೊಂಡು ಹೊರಬಿದ್ದ ದಿನದಿಂದ, ಎಲ್ಲಿದ್ದೀಯೋ ಗೊತ್ತಿಲ್ಲದಿದ್ದರೂ ನಾನು ಇಷ್ಟು ಅಂಜಿರಲಿಲ್ಲ. ನನಗೆ ಗೊತ್ತಿಲ್ಲದಿದ್ದರೆ ಅವನಿಗೂ ಗೊತ್ತಿರುವುದಿಲ್ಲ ಎಂದು ಸಮಾಧಾನ ಇತ್ತು. ಈಗ ಆ ಸಮಾಧಾನವೂ ಹೋಯಿತು, ಅದೂ ನನ್ನದೇ ಬಾಯಿಂದ.

ನಮ್ಮ 'ಕಟ್ಟಿ ಮ್ಯಾಲಿನ ಮಾತು' ಪಾಡ್‌ಕಾಸ್ಟನ್ನು ನೀನು ಪ್ರತಿ ಶುಕ್ರವಾರ ಕೇಳುತ್ತೀಯೆಂದು ಈಗ ಗೊತ್ತಾಗಿದೆ. ಆದರೆ ಅದಕ್ಕೆ ಕೇಳುವವರ ಹತ್ತಿರ ಹಣ ಬೇಡುವ ಪಾಳಿ ಯಾಕೆ ಬಂತು ಎಂಬುದು ನಿನಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಪ್ಲಾಟು ಮಾರುವ ಸಾಹುಕಾರನೊಬ್ಬ ಬಂದು, ತಿಂಗಳಾ ಜಾಹೀರಾತು ಕೊಡುತ್ತೇನೆ, ಕೆರೆಯಂಗಳಕ್ಕೆ ಮಣ್ಣು ಸುರಿದದ್ದರ ಬಗ್ಗೆ ಕೆರೆ ದಂಡೆಯ ಮುದುಕಿ ಮೈಸಮ್ಮ ಮಾತಾಡಿದ ಆ ಒಂದು ಸಂಚಿಕೆ ತೆಗೆಯಿರಿ ಎಂದ. "ಒಂದಽ ಎಪಿಸೋಡ್ ಅಲ್ಲೇನ್ರಿ ಆಯಿ" ಎಂದ, ತಲೆನೋವಿನ ಗುಳಿಗೆ ಕೊಡುವವನ ಹಾಗೆ. ಅವನಿಗೆ ಚಹಾ ಕುಡಿಸಿ ಕಳಿಸಿದೆ. ಮೈಕು ಕೆಟ್ಟು ಕೂತಿತ್ತು, ಆಟೋದಲ್ಲಿ ಮನೂರ್ ಕಡೆಯ ಹಳ್ಳಿಗಳಿಗೆ ಹೋಗಿ ಮುದುಕಿಯರ ಹಾಡು ತುಂಬಿಕೊಂಡು ಬರಲು ನನ್ನ ಪೆನ್ಷನ್ ಸಾಲುತ್ತಿರಲಿಲ್ಲ. ರೆಕಾರ್ಡಿಂಗ್ ಎಲ್ಲ ನೋಡಿಕೊಳ್ಳುವ ಫ್ಲೆಕ್ಸ್ ಅಂಗಡಿಯ ಸಂಗು ಹೇಳಿದ, "ಕೇಳೋರು ಕೊಡ್ತಾರ ಆಯಿ, ಒತ್ತಾಯ ಬ್ಯಾಡ, ಮನಸ್ಸಿಗಿ ಬಂದಷ್ಟು ಕೊಡ್ರಿ ಅಂತ ಹೇಳಮು." ಮೊದಲು ನನಗೆ ನಾಚಿಕೆ. ಮೂವತ್ತು ವರ್ಷ ಸಾಲಿ ಕಲಿಸಿದವಳು ಜೋಳಿಗೆ ಹಿಡಿಯುವುದೇ ಎಂದು. ಆಮೇಲೆ ಅಂದುಕೊಂಡೆ, ಜೋಳಿಗೆ ನಮ್ಮ ಮಂದಿಗೆ ಎಂದೂ ಕೀಳಲ್ಲ. ಒಬ್ಬ ಸಾಹುಕಾರನ ಹಂಗಿಗಿಂತ ನೂರು ಮನೆಯ ಹಿಡಿ ಹಿಟ್ಟು ಮೇಲು.

ಆದರೆ ಕೊಟ್ಟವರ ಹೆಸರು ಓದದೆ ಸುಮ್ಮನೆ ಇಟ್ಟುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ನಮ್ಮ ಮದುವೆಗಳಲ್ಲಿ ಆಯೇರಿ ಹೇಗೆ ಓದುತ್ತಾರೆ ನಿನಗೆ ಗೊತ್ತಲ್ಲ, ದೌಲತಾಬಾದಿನ ಇಂಥವರಿಂದ ಇಷ್ಟು ಮುಯ್ಯಿ, ಬೀದರಿನ ಸೋದರಮಾವನಿಂದ ಇಷ್ಟು ಎಂದು ಮೈಕಿನಲ್ಲಿ ಕೂಗುತ್ತಾರೆ, ಕೊಟ್ಟವನು ಊಟದ ಪಂಕ್ತಿಯಲ್ಲಿ ಕೂತು ತಲೆ ಎತ್ತಿ ನಾಲ್ಕು ಮಂದಿಯನ್ನು ನೋಡುತ್ತಾನೆ. ಐದು ರೂಪಾಯಿ ಕೊಟ್ಟವನಿಗೂ ಆ ಮರ್ಯಾದೆ ಇದೆ. ನಾನೂ ಸಂಚಿಕೆಯ ಕೊನೆಗೆ ಆಯೇರಿ ಓದಲು ಶುರು ಮಾಡಿದೆ. ಸಂಗು ಒಮ್ಮೆ ಅಂದಿದ್ದ, "ಹೆಸರು ಸಾಕು ಆಯಿ, ಊರ್ಯಾಕ ಬೇಕು?" ನಾನು ಅವನ ಬಾಯಿ ಮುಚ್ಚಿಸಿದೆ, "ಊರಿಲ್ಲದ ಹೆಸರು ಎಂಥಾ ಹೆಸರೋ, ಅನಾಥ ಹೆಣದ ಪಂಚನಾಮಿ ಮಾಡ್ಲಕತ್ತೀ ಏನು?" ಅಷ್ಟಕ್ಕೇ ನಿಲ್ಲಲಿಲ್ಲ. ಹಣದ ಜೊತೆಗೆ ಊರ ಹೆಸರು ಬರೆಯದವರ ಆಯೇರಿ ಓದುವುದಿಲ್ಲ ಎಂದು ಮೈಕಿನಲ್ಲೇ ಕಟ್ಟಪ್ಪಣೆ ಮಾಡಿದೆ. ಅದನ್ನು ನೀನು ಕೇಳಿದೆ, ಪಾಪ, ಆಯಿ ಹೇಳಿದ ಹಾಗೆ ಮಾಡಿದೆ.

ಹೋದ ಶುಕ್ರವಾರದ ಆಯೇರಿಯಲ್ಲಿ ಕೊನೆಗೆ ಬಂದದ್ದು ಇದು: ಹಣಮಮ್ಮ, ತಾಂಡೂರು, ಐವತ್ತೊಂದು ರೂಪಾಯಿ. ಜೊತೆಗೆ ಒಂದು ಸಾಲು, "ಆಯಿ, ಕೆಮ್ಮಿಗಿ ಉಳ್ಳಾಗಡ್ಡಿ ಸುಟ್ಟು ಗಂಟಲಿಗಿ ಕಟ್ಕೋ, ನಾಚಬ್ಯಾಡ." ನಾನು ಕನ್ನಡಕ ಏರಿಸಿ ಗಂಟೆ ಬಾರಿಸಿದ ಹಾಗೆ ಓದಿದೆ. ಓದುತ್ತ ನಕ್ಕೆ ಕೂಡ. ಯಾರೋ ಹಣಮಮ್ಮ ನನ್ನ ಮೊಮ್ಮಗಳ ಹಾಗೇ ಮಾತಾಡುತ್ತಾಳಲ್ಲ ಎಂದು ಹಿಗ್ಗಿದೆ. ಸಂಗು ಅದನ್ನು ಹೊರಗೆ ಬಿಟ್ಟ ಮೇಲೆ, ರೊಟ್ಟಿ ಬಡಿಯುತ್ತ ಕೂತಾಗ ತಲೆಗೆ ಹೊಳೆಯಿತು. ಸುಟ್ಟ ಉಳ್ಳಾಗಡ್ಡಿ ಗಂಟಲಿಗೆ ಕಟ್ಟುವವಳು ಈ ಭೂಮಿಯ ಮೇಲೆ ನೀನೊಬ್ಬಳೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಸಂಚಿಕೆ ತೆಗೆಸಿದೆ, ಆದರೆ ಅಷ್ಟರಲ್ಲಿ ಅದು ಎಷ್ಟು ಮಂದಿಯ ವಾಟ್ಸಾಪಿಗೆ ಹೋಗಿತ್ತೋ ಏನೋ.

ಹುಚ್ಚಿ, ಆ ಐವತ್ತೊಂದಕ್ಕೆ ಹಾಲು ತಂದು ಕುಡಿಯಬಾರದಿತ್ತೇ? ಬೈಯುತ್ತಿದ್ದೇನೆ, ಆದರೆ ಆ ಸಾಲನ್ನು ಸಂಗುನ ಫೋನಿನಲ್ಲಿ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೀನು ಬದುಕಿದ್ದೀಯ, ನನ್ನ ದನಿ ಕೇಳುತ್ತೀಯ, ಕೆಮ್ಮನ್ನೂ ಕೇಳುತ್ತೀಯ ಎಂದು ಗೊತ್ತಾಗಿ ಅತ್ತೆ.

ಭಾನುವಾರ ಅವನು ಬಂದ. ಮಿಠಾಯಿ ಡಬ್ಬಿ ತಂದ, ನನ್ನ ಕಾಲಿಗೆ ನಮಸ್ಕಾರ ಮಾಡಿದ. ನೀನು ಒಮ್ಮೆ ಅವನ ಗಂಟಲಿಗೂ ಉಳ್ಳಾಗಡ್ಡಿ ಕಟ್ಟಿದ್ದೆಯಂತೆ, ಮನೆಯೆಲ್ಲ ನಾರಿತು ಎಂದು ಮದುವೆಯಾದ ಹೊಸದರಲ್ಲಿ ಅವನೇ ನಮ್ಮ ಪಡಸಾಲೆಯಲ್ಲಿ ಕೂತು ಹೇಳಿ ನಗಿಸಿದ್ದ. ಈಗ ಅದೇ ಜಾಗದಲ್ಲಿ ಕೂತು ಮೆಲ್ಲಗೆ ಕೇಳಿದ, "ಆಯಿ, ತಾಂಡೂರಾಗ ನಿಮಗ ಯಾರ್ ಅದಾರ್ರಿ?" ಕೇಳುವವರು ಎಲ್ಲ ಊರಲ್ಲೂ ಇದ್ದಾರಪ್ಪ ಎಂದೆ. ಅವನು ಹೌದ್ರಿ ಅಂದು ಮಿಠಾಯಿ ಡಬ್ಬಿ ನನ್ನ ಮುಂದೆ ಸರಿಸಿದ. ಕೂಗಾಡಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ. ಉಣ್ಣುತ್ತಾನೆ, ತಟ್ಟೆ ತಾನೇ ತೊಳೆದಿಡುತ್ತಾನೆ, ನನ್ನ ಫೋನು ತನ್ನ ಜೇಬಿನಲ್ಲಿ ಇಟ್ಟುಕೊಂಡು "ಡಿಸ್ಪ್ಲೇ ಹೋಗ್ಯಾದ, ರಿಪೇರಿ ಮಾಡಿಸ್ತಿನಿ" ಅನ್ನುತ್ತಾನೆ. ಡಿಸ್ಪ್ಲೇ ಹೋಗಿಲ್ಲ. ನಿನ್ನ ಅಪ್ಪ ಮಾಣಿಕಪ್ಪ ಎಲ್ಲ ನೋಡಿಯೂ ಅವನಿಗೆ ಹಾಸಿಗೆ ಹಾಸಿ ಕೊಡುತ್ತಾನೆ. ಅಳಿಯ ಮನೆ ಬಾಗಿಲಿಗೆ ಬಂದರೆ ಓಣಿಯಲ್ಲಿ ಮಾನ ಉಳಿಯಿತು ಎಂದು ಅವನ ಲೆಕ್ಕ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಏನು ಹೇಳಲಿ.

ಒಂದು ಪುಣ್ಯ, ಹಣ ಬರುವುದು ಸಂಗುನ ಖಾತೆಗೆ. ಪ್ರವೀಣ ಅವನ ಅಂಗಡಿಗೂ ಹೋಗಿದ್ದ. ಫೋನು ನೀರಿಗೆ ಬಿತ್ತು ಎಂದು ಸಂಗು ಕೈ ಆಡಿಸಿದ, ಒಣಗಲೆಂದು ಅಕ್ಕಿ ಚೀಲದೊಳಗೆ ಹುಗಿದಿಟ್ಟದ್ದನ್ನೂ ತೋರಿಸಿದ. ಆ ಅಕ್ಕಿ ಚೀಲದ ಫೋನು ಅವನ ಹೆಂಡತಿಯದು. ಹಾಗಾಗಿ ಪ್ರವೀಣನ ಕೈಯಲ್ಲಿ ಇರುವುದು ತಾಂಡೂರು ಮತ್ತು ಹಣಮಮ್ಮ, ಇಷ್ಟೇ. ತಾಂಡೂರಿನಲ್ಲಿ ಕಲ್ಲು ಎಷ್ಟೋ ಹಣಮಮ್ಮರೂ ಅಷ್ಟೇ. ಆದರೆ ಅವನಿಗೆ ಹೊತ್ತು ಬಹಳ ಇದೆ, ಹಟ ಅದಕ್ಕಿಂತ ಬಹಳ ಇದೆ, ಒಬ್ಬೊಬ್ಬರ ಬಾಗಿಲು ಬಡಿದು ಕೇಳಿಯಾನು. ಸಂಗು ಗೆಳೆಯನ ಫೋನಿನಿಂದ ಆ ಐವತ್ತೊಂದು ರೂಪಾಯಿ ಬಂದ ನಂಬರಿಗೆ ಮಾತಾಡಿದ. ಹಣಮಮ್ಮ ಮೊದಲು ಇಲ್ಲಿ ಅಂಥವರು ಯಾರೂ ಇಲ್ಲ ಎಂದಳಂತೆ. ನನ್ನ ಹೆಸರು ಹೇಳಿದ ಮೇಲೆ, "ಆಯಿಗಿ ಹೇಳ್ರಿ, ಹುಡುಗಿ ನನ್ನ ಮನ್ಯಾಗ ಅದಾಳ, ಕಲ್ಲಿನ ಪಾಲಿಶ್ ಕಾರ್ಖಾನ್ಯಾಗ ನನ್ನ ಸಂಗಟ ಕೆಲಸಕ್ಕ ಬರ್ತಾಳ" ಎಂದು ಹೇಳಿದಳಂತೆ. ಆಕೆಗೆ ನನ್ನ ಶರಣು ಹೇಳು.

ಈ ಕಾಗದ ಬೆಳ್ಳುಳ್ಳಿ ಮಾರುವ ತುಳಜಾಬಾಯಿಯ ಬುಟ್ಟಿಯಲ್ಲಿ ಬರುತ್ತದೆ. ಇಲ್ಲಿಂದ ರೈಲಿನಲ್ಲಿ ವಿಕಾರಾಬಾದಿಗೆ, ಅಲ್ಲಿ ಇಳಿದು ತಾಂಡೂರಿನ ಗಾಡಿ ಹತ್ತುತ್ತಾಳೆ. ಆಕೆ ಹೇಳಿದ ಹಾಗೆ ಕೇಳು. ನಮ್ಮ ಕೇಳುಗರಲ್ಲೇ ಒಬ್ಬಾಕೆ ಧಮ್ಮಶೀಲಾ ಎಂದು ವಕೀಲೆ ಇದ್ದಾಳೆ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಿನಗೆ ಜಾಗ ನೋಡಿದ್ದಾಳೆ, ಠಾಣೆಗೂ ತಾನೇ ಜೊತೆಗೆ ಬರುತ್ತಾಳೆ. ಯಾವ ಊರು ಎಂದು ತುಳಜಾಬಾಯಿ ಬಾಯಿಂದ ಹೇಳುತ್ತಾಳೆ, ನಾನು ಇಲ್ಲಿ ಬರೆಯುವುದಿಲ್ಲ. ಕಾಗದದ ಜೊತೆ ಸ್ವಲ್ಪ ಹಣ ಇದೆ. ಅದು ನನ್ನದಲ್ಲ, ಹೊಸ ಮೈಕಿಗೆಂದು ಮಂದಿ ಕೊಟ್ಟದ್ದು. ಅದರಲ್ಲಿ ಒಂದು ಕಪ್ ಚಹಾ ಕೂಡ ನಾನು ಕುಡಿದವಳಲ್ಲ, ಇವತ್ತು ತೆಗೆಯುವಾಗ ಕೈ ಹಿಂದೆ ಸರಿಯಿತು. ಕೊಟ್ಟವರಿಗೆ ಒಂದು ದಿನ ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ಇನ್ನು ನೀನು ಒಂದು ರೂಪಾಯಿಯನ್ನೂ ಕಳಿಸಬೇಡ, ಯಾರ ಹೆಸರಿನಲ್ಲೂ ಬೇಡ.

ಹೊತ್ತಿಗೆ ಉಣ್ಣು. ರಾತ್ರಿ ಬಾಗಿಲಿಗೆ ಅಗಳಿ ಹಾಕು. ಕೊರಳಲ್ಲಿ ಲಿಂಗ ಇದೆ, ಅದನ್ನು ಕೊಟ್ಟ ಬಸವಣ್ಣ ನಿನ್ನನ್ನು ಕಾಯಲಿ. ನನ್ನ ಬಗ್ಗೆ ಫಿಕರ್ ಮಾಡಬೇಡ, ಮುದುಕಿಯನ್ನು ಅವನು ಏನು ಮಾಡಿಯಾನು.

ಇತಿ ನಿನ್ನ
ಆಯಿ

ಮೇಲೆ ಬರೆದು ಮಡಿಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಹಿತ್ತಲಲ್ಲಿ ತುಳಜಾಬಾಯಿ ಕಾಯುತ್ತಿದ್ದಾಳೆ, ಅದಕ್ಕೆ ಗಡಬಡಿಯಲ್ಲಿ ಬರೆಯುತ್ತಿದ್ದೇನೆ. ಈಗ ತಾನೇ ಪ್ರವೀಣ ಕರೆದು ತನಗೆ ಏನು ಬೇಕು ಎಂದು ಹೇಳಿದ. ನಾಡಿದ್ದು ಶುಕ್ರವಾರದ ಸಂಚಿಕೆಯಲ್ಲಿ ನಾನು ಮೈಕಿನ ಮುಂದೆ ಕೂತು, ನನಗೆ ಬಹಳ ಜಡ್ಡಾಗಿದೆ, ಶಿವೂ ಒಮ್ಮೆ ಬಂದು ಮಾರಿ ತೋರಿಸಿ ಹೋಗು ಎಂದು ಹೇಳಬೇಕಂತೆ. ಇಲ್ಲದಿದ್ದರೆ ಇವತ್ತೇ ನಾಲ್ಕು ಮಂದಿ ಕರೆದುಕೊಂಡು ತಾಂಡೂರಿಗೆ ಹೋಗಿ ಓಣಿ ಓಣಿ ಸೋಸುತ್ತಾನಂತೆ. ನಿನ್ನ ಅಪ್ಪ ಪಕ್ಕದಲ್ಲೇ ನಿಂತು ತಲೆ ಆಡಿಸಿದ. ನಾನು ಹೂಂ ಅಂದೆ. ಹೂಂ ಅಂದರೆ ಅವನು ಶುಕ್ರವಾರದ ತನಕ ಇಲ್ಲೇ ಕೂತಿರುತ್ತಾನೆ, ಆಮೇಲೆ ಜಹೀರಾಬಾದ್ ಸ್ಟೇಶನ್ನಿನಲ್ಲಿ ನಿನ್ನ ದಾರಿ ಕಾಯುತ್ತಾನೆ, ಅಷ್ಟರಲ್ಲಿ ನೀನು ತಾಂಡೂರು ಬಿಟ್ಟಿರಬೇಕು. ಶುಕ್ರವಾರ ನನ್ನ ದನಿ ಕೇಳುತ್ತದೆ, ಅಳುತ್ತಿರುತ್ತೇನೆ, ನಿನ್ನ ಹೆಸರು ಹಿಡಿದು ಕರೆಯುತ್ತಿರುತ್ತೇನೆ. ದನಿ ನನ್ನದೇ, ಅಳುವೂ ಖರೇ ಇರುತ್ತದೆ, ಅವನು ನಂಬುವ ಹಾಗೆ ಅಳಬೇಕಲ್ಲ. ನೀನು ನಂಬಬೇಡ. ಅದರ ಮುಂದಿನ ವಾರ ಆಯಿ ಹೋದಳು ಎಂದು ಯಾರಾದರೂ ಮೈಕಿನಲ್ಲಿ ಹೇಳಿದರೂ ಬರಬೇಡ, ನನ್ನ ಮಣ್ಣಿಗೂ ಬರಬೇಡ ಮಗಳೇ.