ಮೀನು ಮುಟ್ಟದ ತಗಡುಗಳು

ಹೋಲ್ಮ್‌ಸೇತರ್, ವೆರ್ಮ್‌ಲ್ಯಾಂಡ್
ಅಕ್ಟೋಬರ್ 19, 2019

ಪ್ರೀತಿಯ ಗುಡ್ರುನ್,

ನಿನ್ನ ಎರಡು ಕಾಗದಗಳು ಅಡುಗೆಮನೆಯ ಕಿಟಕಿಯಲ್ಲಿ ಹೂಕುಂಡಕ್ಕೆ ಒರಗಿ ನನ್ನನ್ನೇ ನೋಡುತ್ತ ಕೂತಿರುವಾಗಲೇ ಬೇಸಿಗೆ ಮುಗಿದುಹೋಯಿತು. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿದ ಮೇಲೆ ಎಲ್ಲವನ್ನೂ ಸೇರಿಸಿ ಒಟ್ಟಿಗೆ ಬೈದುಬಿಡು. ಒಂದು ನೆಪವಂತೂ ಇದೆ. ಬಲಗೈ ಬೆರಳು ಸುಟ್ಟುಕೊಂಡು ಸ್ವಲ್ಪ ದಿನ ಪೆನ್ನು ಹಿಡಿಯಲಾಗಲಿಲ್ಲ. ಉಳಿದ ದಿನಗಳಿಗೆ ನೆಪವಿಲ್ಲ, ಬರೆಯುವ ಧೈರ್ಯ ಬರಲಿಲ್ಲ ಅಷ್ಟೆ.

ನಾನು ಚೆನ್ನಾಗಿದ್ದೇನೆ. ಕಾಡಿನಲ್ಲಿ ಈ ಸಲ ಲಿಂಗನ್‌ಬೆರಿ ಬೇಕಾದಷ್ಟು ಬಿಟ್ಟಿತ್ತು, ನಿನಗೂ ಎರಡು ಬಾಟಲಿ ಜಾಮ್ ಎತ್ತಿಟ್ಟಿದ್ದೇನೆ. ಬೆಕ್ಕು ಇನ್ನೂ ರೂನೆಯ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಮೊನ್ನೆ ಪಾದ್ರಿಗಳು ಬಂದಾಗಲೂ ಏಳಲಿಲ್ಲ, ಪಾಪ ಅವರು ಸ್ಟೂಲಿನ ಮೇಲೆ ಕೂತು ಕಾಫಿ ಕುಡಿದು ಹೋದರು.

ನೀನು ಆಗಸ್ಟಿನಲ್ಲಿ ಬರೆದ ಕಾಗದ ಓದಿ, ಫೆಬ್ರವರಿಯಾದ ಮೇಲೆ ಮೊದಲ ಸಲ ನಾನು ಗಟ್ಟಿಯಾಗಿ ನಕ್ಕೆ. "ಅತ್ತಿಗೆ, ಅಣ್ಣ ಮಾಡಿದ ಗಾಳದ ತಗಡುಗಳಿಗೆ ಒಂದು ಪೈಕ್ ಮೀನೂ ಮೂತಿ ಇಡಲಿಲ್ಲ. ಕಲ್ಲಿನ ಹಾಗೆ ಮುಳುಗ್ತವೆ, ಒಂದು ಸುತ್ತೂ ತಿರುಗಲ್ಲ. ಮೀನು ಹಿಡಿಯೋದು ಬಿಟ್ಟು ಮೀನು ಹೆದರಿಸೋ ಕಸುಬು ಶುರು ಮಾಡಿದ್ದನೇನೋ ಕೊನೆಗೆ" ಅಂತ ಬರೆದಿದ್ದೆ. ಒಂದು ಜೊಂಡಿನಲ್ಲಿ ಸಿಕ್ಕಿಕೊಂಡಿತು, ಹೋದರೆ ಹೋಗಲಿ ಅಂತ ದಾರ ಕತ್ತರಿಸಿಬಿಟ್ಟೆ ಅಂತಲೂ ಬರೆದಿದ್ದೆ. ಆಗ ಅದಕ್ಕೂ ನಕ್ಕಿದ್ದೆ. ಆ ತಗಡುಗಳ ವಿಷಯಕ್ಕೇ ಈಗ ಬರೆಯುತ್ತಿರುವುದು. ಆದರೆ ಅದಕ್ಕೆ ಮೊದಲು ಬೇರೆ ಸುದ್ದಿ ಹೇಳಬೇಕು.

ನಿನ್ನ ಅತ್ತಿಗೆ ಕಮ್ಮಾರಳಾಗಿದ್ದಾಳೆ. ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುತ್ತಲೇ ಮುದುಕಿಯಾದವಳು ಈಗ ಸುತ್ತಿಗೆ ಹಿಡಿದಿದ್ದಾಳೆ. ನಗು, ಪರವಾಗಿಲ್ಲ.

ಕಳೆದ ಶರತ್ಕಾಲವೆಲ್ಲ ನಿನ್ನ ಅಣ್ಣ ರೂನೆ ಶೆಡ್ಡಿನ ಹಿಂದೆ ಏನನ್ನೋ ಬಡಿಯುತ್ತಿದ್ದನಲ್ಲ, ಫೋನಿನಲ್ಲಿ ನಿನಗೂ ಕೇಳಿಸಿತ್ತು. ಹಳೆ ವೋಲ್ವೊದ ಬ್ರೇಕ್ ಡ್ರಮ್ಮೇ ಅವನ ಕುಲುಮೆ. ಅದರ ತಳಕ್ಕೆ ಒಂದು ಕೊಳವೆ, ಕೊಳವೆಯ ಇನ್ನೊಂದು ತುದಿಗೆ ಗಾಳಿ ಊದಲು ನನ್ನ ಹೇರ್ ಡ್ರೈಯರ್. ಅದು ಕಾಣೆಯಾಯಿತೆಂದು ನಾನು ಮನೆಯೆಲ್ಲ ಜಾಲಾಡುತ್ತಿದ್ದಾಗ ಅವನೂ ಮಂಚದ ಕೆಳಗೆ ಬಗ್ಗಿ ಹುಡುಕಿದಂತೆ ನಟಿಸಿದ್ದ. ಕಬ್ಬಿಣ ಇಟ್ಟು ಬಡಿಯಲು ಒಂದು ತುಂಡು ರೈಲುಕಂಬಿಯೇ ಅಡಿಗಲ್ಲು. ಸುತ್ತಿಗೆ, ಇಕ್ಕಳ, ಒಂದು ಬಕೆಟ್ ನೀರು, ಒಂದು ಮೂಟೆ ಇದ್ದಿಲು. ಎದೆಯ ಡಾಕ್ಟರು ಒಂದು ಚಳಿಗಾಲ ಕಳೆದರೆ ಹೆಚ್ಚು ಅಂದಿದ್ದರು. ಕಾಯಿಲೆ ಮನುಷ್ಯ, ಯಾವುದೋ ಹುಚ್ಚು ಹಚ್ಚಿಕೊಂಡು ಹೊತ್ತು ಕಳೆಯುತ್ತಿದ್ದಾನೆ ಅಂತ ನಾನೂ ಸುಮ್ಮನಿದ್ದೆ. ನವೆಂಬರ್ ಕೊನೆಗೆ ಸದ್ದು ನಿಂತಿತು. ಫೆಬ್ರವರಿಯಲ್ಲಿ ಅವನೂ ಹೋದ.

ಮೇ ತಿಂಗಳಲ್ಲಿ ಚರ್ಚಿನ ಕಚೇರಿಯಿಂದ ಎರಡು ಸಾಲಿನ ಕಾಗದ ಬಂತು. ಬೂದಿಯನ್ನು ನೆನಪಿನ ತೋಪಿನಲ್ಲಿ ಮಣ್ಣು ಮಾಡಲಾಗಿದೆ ಅಂತ. ಯಾವ ಮರದ ಬುಡ, ಯಾವ ಮೂಲೆ, ಅದನ್ನು ಮನೆಯವರಿಗೂ ಹೇಳುವುದಿಲ್ಲ. ಹೆಸರಿಲ್ಲ, ಕಲ್ಲಿಲ್ಲ, ಮೇಲೆ ಹುಲ್ಲು ಮಾತ್ರ. ರೂನೆಯೇ ಕೇಳಿಕೊಂಡದ್ದು, ನಿನಗೂ ಗೊತ್ತು. "ತೋಪಿಗೇ ಹಾಕಿಸಿಬಿಡು ಡಾಗ್ನಿ. ನಮಗೇನು ಮಕ್ಕಳೇ ಮರಿಯೇ. ನಾಳೆ ಮಂಡಿ ನೋವಿಟ್ಕೊಂಡು ಸಮಾಧಿಗೆ ನೀರು ಹಾಕೋಕೆ ಅಂತ ಯಾಕೆ ಒದ್ದಾಡ್ತೀಯ?" ಅಂದಿದ್ದ. "ನಿಂಗೆ ಹೇಗೆ ಬೇಕೋ ಹಾಗೆ" ಅಂದಿದ್ದೆ. ಅವನ ಇಷ್ಟ ನಡೆಸಿಕೊಟ್ಟೆ ಅಂತ ಒಳಗೊಳಗೇ ಹೆಮ್ಮೆಯೂ ಇತ್ತು ನನಗೆ.

ನನಗೊಂದು ಜಾಗ ಬೇಕಿತ್ತು ಅಂತ ಗೊತ್ತಾದದ್ದು ಆಮೇಲೆ. ಭಾನುವಾರ ಹೋಗಿ ತೋಪಿನ ಅಂಚಿನಲ್ಲಿ ನಿಲ್ಲುತ್ತೇನೆ, ಎಲ್ಲರಿಗೂ ಸೇರಿದ ಕಟ್ಟೆಯಲ್ಲಿ ಮೇಣದಬತ್ತಿ ಹಚ್ಚುತ್ತೇನೆ. ಯಾವ ಕಡೆ ತಿರುಗಿ ಮಾತಾಡಬೇಕೋ ತಿಳಿಯುವುದಿಲ್ಲ. ಇಷ್ಟು ದಿನ ತಪ್ಪಿ, ಅಲ್ಲೇ ಮಣ್ಣಾದ ಮೇಷ್ಟ್ರು ಲಿಂಡ್‌ಕ್ವಿಸ್ಟ್ ಜೊತೆ ಮಾತಾಡಿದ್ದೇನೋ ಏನೋ, ಬದುಕಿದ್ದಾಗಲೇ ಆತ ನನ್ನ ಮಾತು ಕೇಳಿಸಿಕೊಂಡವನಲ್ಲ. ಗೋಡೆಯ ಆಚೆ ಹಳೆಯ ಕಬ್ಬಿಣದ ಶಿಲುಬೆಗಳು ಸಾಲಾಗಿ ನಿಂತಿವೆ. ಗಾಳಿ ಬೀಸಿದಾಗ ಅವುಗಳಿಗೆ ತೂಗುಹಾಕಿದ ಕಬ್ಬಿಣದ ಎಲೆಗಳು ಕಿಣಿಕಿಣಿ ಅನ್ನುತ್ತವೆ. ಅಲ್ಲಿಯವರಿಗೆಲ್ಲ ಒಂದೊಂದು ಗುರುತಿದೆ, ನನ್ನವನಿಗಿಲ್ಲ ಅಂತ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಸತ್ತವರ ಮೇಲೆ ಹೊಟ್ಟೆಕಿಚ್ಚು, ನೋಡು ನನ್ನ ಗತಿ.

ಜೂನ್‌ನಲ್ಲಿ ಶೆಡ್ಡು ಖಾಲಿ ಮಾಡೋಣವೆಂದು ಹೋದವಳು, ಖಾಲಿ ಮಾಡಲಾರದೆ ಬೆಂಕಿ ಹಚ್ಚಿದೆ. ಶೆಡ್ಡಿಗಲ್ಲ, ಕುಲುಮೆಗೆ. ಅವನು ನಿಲ್ಲುತ್ತಿದ್ದ ಕಡೆ ನಿಂತು, ಅವನ ಸುತ್ತಿಗೆ ಹಿಡಿದು ಎರಡು ಪೆಟ್ಟು ಹಾಕಬೇಕೆನ್ನಿಸಿತು, ಬೇರೇನಿಲ್ಲ. ಗೋಡೆಗೆ ಒರಗಿಸಿ ಎರಡು ಕಬ್ಬಿಣದ ಪಟ್ಟಿ ಇಟ್ಟಿದ್ದ, ಒಂದು ಆಳೆತ್ತರದ್ದು, ಇನ್ನೊಂದು ಗಿಡ್ಡ. ಉದ್ದದ್ದನ್ನು ಬಟಾಣಿ ಬಳ್ಳಿಗೆ ಆಸರೆ ಕೊಟ್ಟೆ. ಗಿಡ್ಡದ್ದನ್ನು ತುಂಡು ಮಾಡಿ ಕೋಟು ತೂಗುಹಾಕುವ ಕೊಕ್ಕೆ ಮಾಡಲು ಹೊರಟೆ. ಅದರ ಉದ್ದಕ್ಕೂ ಸಣ್ಣ ಸಣ್ಣ ತೂತು ಕೊರೆದಿದ್ದ. ಕಾಯಿಸಿ ಬಗ್ಗಿಸಿದರೆ ತೂತಿದ್ದಲ್ಲೇ ಸೀಳುತ್ತಿತ್ತು. ಈ ಮನುಷ್ಯ ಒಳ್ಳೆ ಕಬ್ಬಿಣವನ್ನು ಯಾಕಪ್ಪ ಹೀಗೆ ಹಾಳುಮಾಡಿದ ಅಂತ ಬೈದುಕೊಂಡೇ ಬಡಿದೆ. ಅಂಥ ಕೊಕ್ಕೆಯೊಂದು ಈಗ ಬಾಗಿಲ ಹಿಂದಿದೆ, ಅವನ ಮಳೆಕೋಟು ಅದರಲ್ಲೇ ತೂಗುತ್ತಿದೆ.

ಬೆರಳು ಸುಟ್ಟದ್ದೂ ಆಗಲೇ. ಕೆಂಪು ಹೋಗಿ ಕಪ್ಪಾಗಿತ್ತು, ತಣ್ಣಗಾಯಿತೆಂದುಕೊಂಡು ಕೈಯಲ್ಲೇ ಎತ್ತಿಕೊಂಡೆ. ಪಕ್ಕದ ಮನೆಯ ಇಂಗೆಗೆರ್ಡ್ ಕೈಗೆ ಬಟ್ಟೆ ಸುತ್ತುತ್ತ, "ಸಾಯೋಕೆ ಇನ್ನೂ ಸುಲಭದ ದಾರಿ ಇದೆ ಕಣೇ" ಅಂದಳು. ಅವಳೇ ಹಠ ಹಿಡಿದು ಊರಿನ ಹಳೆ ಕುಲುಮೆಯಲ್ಲಿ ಶನಿವಾರ ನಡೆಯುವ ತರಗತಿಗೆ ನನ್ನ ಹೆಸರು ಬರೆಸಿದಳು. ಹೇಳಿಕೊಡುವವಳು ತೂವಾ ಅಂತ. ವಾರವೆಲ್ಲ ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ಶನಿವಾರ ಕಮ್ಮಾರಿಕೆ. ಬಾಯಿ ಬಿಡಿಸುವುದು ಅವಳ ಒಂದು ಕಸುಬಾದರೆ, ನನ್ನ ಬಾಯಿ ಮುಚ್ಚಿಸುವುದು ಇನ್ನೊಂದಾಯಿತು.

"ಡಾಗ್ನಿ, ಕಬ್ಬಿಣ ಕೆಂಪಗಿದೆ. ನಿಮ್ಮ ಕಥೆ ಆಮೇಲೆ ಹೇಳಿ, ಈಗ ಹೊಡೀರಿ."

"ಹೊಡಿತಾನೇ ಇದೀನಲ್ಲ."

"ನೀವು ಸವರ್ತಾ ಇದೀರ. ಅದೇನು ಬೆಕ್ಕಾ?"

ಸೆಪ್ಟೆಂಬರಿನಲ್ಲಿ ಒಂದು ಶನಿವಾರ, ಇವತ್ತು ಎಲೆ ಮಾಡೋಣ ಅಂದಳು. ಈ ಊರಲ್ಲಿ ಸುತ್ತಿಗೆ ಹಿಡಿದವರೆಲ್ಲ ಮೊದಲು ಕಲಿಯುವುದು ಅದನ್ನೇ, ಚರ್ಚಿನಂಗಳದ ಶಿಲುಬೆಗೆ ತೂಗುಹಾಕುವಂಥ ಎಲೆ. ಸರಳಿನ ತುದಿ ಕಾಯಿಸಿ ಮೊನೆ ಮಾಡಬೇಕು. ಮೊನೆಯ ಹಿಂದೆ ಅಡಿಗಲ್ಲಿನ ಅಂಚಿಗಿಟ್ಟು ಬಡಿದು ಕತ್ತಿನ ಹಾಗೆ ಸಣ್ಣ ಮಾಡಬೇಕು. ಮೊನೆಯನ್ನು ಬಡಿದು ಅಗಲ ಮಾಡಿದರೆ ಎಲೆ, ಕತ್ತನ್ನು ಎಳೆದು ಸಣ್ಣಗೆ ಸುತ್ತಿದರೆ ತೂಗುಹಾಕಲು ಬಳೆ. ಉಳಿಯಿಂದ ನಡುವೆ ಒಂದು ಗೆರೆ, ಅಕ್ಕಪಕ್ಕ ಓರೆ ಗೆರೆಗಳು. ನನ್ನದು ಸೊಟ್ಟಗೆ ಬಂತು, ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದ. ನೀರಿಗದ್ದಿದೆ, ಚುಂಯ್ ಅಂದಿತು. ತೆಗೆದು ಅಂಗೈಯಲ್ಲಿಟ್ಟುಕೊಂಡೆ.

ಗುಡ್ರುನ್, ಅದು ನಾನು ನಿನಗೆ ಕೊಟ್ಟ ತಗಡು.

ತಿಥಿಯ ಕಾಫಿಯ ದಿನ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಕೊಟ್ಟೆನಲ್ಲ, ಅವೇ. ಅದೇ ಬಳೆ, ಅದೇ ಕತ್ತು, ಅದೇ ಗೆರೆಗಳು. ಗಾಳದ ದಾರ ಕಟ್ಟಲು ಬಳೆ, ಮೀನಿನ ಹಾಗೆ ಕಾಣಲೆಂದು ಗೆರೆ ಅಂದುಕೊಂಡಿದ್ದೆ ನಾನು. ಹುಟ್ಟಿದಾಗಿನಿಂದ ಆ ಶಿಲುಬೆಗಳ ಪಕ್ಕದಲ್ಲೇ ಓಡಾಡಿದವಳು, ಒಂದು ಎಲೆಯನ್ನು ಬಿಡಿಯಾಗಿ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಮಸಿ ಬಳಿದುಕೊಂಡು ಮೀನುಗಾರನ ಶೆಡ್ಡಿನಲ್ಲಿ ಬಿದ್ದಿದ್ದರೆ ಗಾಳವಲ್ಲದೆ ಇನ್ನೇನು ಅನ್ನಿಸಬೇಕಿತ್ತು ನನಗೆ. ಆಮೇಲೆ ಆ ಉದ್ದ ಪಟ್ಟಿ ನೆನಪಾಯಿತು. ಆಮೇಲೆ ಗಿಡ್ಡ ಪಟ್ಟಿ. ಆಮೇಲೆ ತೂತುಗಳು.

"ಯಾಕೆ, ಮತ್ತೆ ಸುಟ್ಕೊಂಡ್ರಾ?" ಅಂತ ತೂವಾ ಓಡಿಬಂದಳು.

"ಇಲ್ಲ. ತಣ್ಣಗಿದೆ" ಅಂದೆ.

ಅವನು ತನ್ನ ಶಿಲುಬೆಯನ್ನು ತಾನೇ ಮಾಡಿಕೊಳ್ಳುತ್ತಿದ್ದ. ಬಾಯಲ್ಲಿ ತೋಪು ಅಂದ, ಕೈಯಲ್ಲಿ ಎಲೆ ಮಾಡಿದ. ನಾನು ಅವನ ಶಿಲುಬೆಯ ಕಂಬಕ್ಕೆ ಬಟಾಣಿ ಹಬ್ಬಿಸಿದೆ, ಎಲೆ ತೂಗಬೇಕಿದ್ದ ಅಡ್ಡಪಟ್ಟಿಗೆ ಅವನ ಕೋಟನ್ನೇ ನೇತುಹಾಕಿದೆ.

ಸೋಮವಾರ ಚರ್ಚಿನ ಕಚೇರಿಗೆ ಹೋದೆ. ಅಲ್ಲಿನ ಹುಡುಗಿ ಒಳ್ಳೆಯವಳು, ನನ್ನನ್ನು ಕೂರಿಸಿ ನೀರು ಕೊಟ್ಟಳು. "ತೋಪಿಗೆ ಹೋದವರನ್ನ ವಾಪಸ್ ತೆಗೆಯೋಕೆ ಬರಲ್ಲಮ್ಮ. ಅಲ್ಲಿ ಬೇರೇನನ್ನೂ ನಿಲ್ಲಿಸೋ ಹಾಗೂ ಇಲ್ಲ. ಅವರೇ ಇಷ್ಟಪಟ್ಟಿದ್ದಲ್ವಾ?" ಅಂದಳು. ಹೌದು ಅಂದೆ.

ಈಗ ನಿನ್ನಿಂದ ಒಂದು ಉಪಕಾರವಾಗಬೇಕು. ಬಟಾಣಿ ಬಳ್ಳಿಯಿಂದ ಆ ಪಟ್ಟಿಯನ್ನು ಕಿತ್ತು ತಂದಿದ್ದೇನೆ. ಅಡ್ಡಕ್ಕೆ ಹೊಸ ಕಬ್ಬಿಣ ತಂದು, ಅವನ ಹಾಗೆಯೇ ತೂತು ಕೊರೆದು, ತೂವಾಳ ಕೈಯಿಂದ ಬೆಸುಗೆ ಹಾಕಿಸಿ ನಿಲ್ಲಿಸಿದ್ದೇನೆ. ಸ್ವಲ್ಪ ಎಡಕ್ಕೆ ವಾಲಿದೆ. ಸರೋವರದ ದಂಡೆಯಲ್ಲಿ, ಅವನು ದೋಣಿ ಕಟ್ಟುತ್ತಿದ್ದ ಕಡೆ ನೆಟ್ಟಿದ್ದೇನೆ. ಅವನು ಅಲ್ಲಿಲ್ಲ, ನನಗೆ ಗೊತ್ತು. ಆದರೂ ತಿರುಗಿ ನಿಲ್ಲಲು ಒಂದು ದಿಕ್ಕಾಯಿತು. ನಾನು ಮಾಡಿದ ಎಲೆಗಳು ಒಂದು ಪೆಟ್ಟಿಗೆ ತುಂಬ ಇವೆ, ಒಂದನ್ನೂ ಹಾಕಿಲ್ಲ. ಅವನವೇ ಮೊದಲು ಹೋಗಲಿ ಅಂತ. ನಿನ್ನ ಹತ್ತಿರ ಉಳಿದಿರುವ ತಗಡುಗಳನ್ನು ಕಳಿಸಿಕೊಡು, ನೀನು ಸಿಕ್ಕಿಸಿದ ಗಾಳದ ಕೊಂಡಿಗಳನ್ನು ಬಿಚ್ಚಬೇಡ, ನಾನೇ ಬಿಚ್ಚುತ್ತೇನೆ. ಒಂದನ್ನು ನೀನಿಟ್ಟುಕೋ, ನಿನ್ನ ಅಣ್ಣನದು. ಜೊಂಡಿನಲ್ಲಿ ಹೋದದ್ದನ್ನು ಹುಡುಕಲು ಈ ಚಳಿಯಲ್ಲಿ ನೀರಿಗಿಳಿಯಬೇಡ, ನಿನ್ನ ಹಠ ನನಗೆ ಗೊತ್ತಿದೆ. ನೀನೇನೂ ತಪ್ಪು ಮಾಡಿಲ್ಲ. ಗಾಳವೆಂದು ಕೊಟ್ಟರೆ ಯಾರಾದರೂ ನೀರಿಗೇ ಎಸೆಯುತ್ತಾರೆ.

ನಿನ್ನ ಸೊಂಟವೂ ನಿನ್ನ ದೋಣಿಯೂ ಗಟ್ಟಿಯಾಗಿರಲಿ. ನೀರು ಹೆಪ್ಪುಗಟ್ಟುವ ಮೊದಲು ನಿನ್ನ ಸೊಕ್ಕಿಗೆ ತಕ್ಕಂಥ ಒಂದು ದೊಡ್ಡ ಪೈಕ್ ಸಿಗಲಿ. ಕ್ರಿಸ್‌ಮಸ್ಸಿಗೆ ಬಾ, ಬೆಕ್ಕನ್ನು ಎಬ್ಬಿಸಿ ಆ ಕುರ್ಚಿ ನಿನಗೆ ಕೊಡಿಸುತ್ತೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತಿಗೆ,
ಡಾಗ್ನಿ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದ್ದೇನೆ. ನವೆಂಬರ್ ಕೊನೆಯಲ್ಲಿ ತೋಪಿನ ಮಾತು ಬಂದ ಸಂಜೆಯ ವಿಷಯ ನಿನಗೆ ಅರ್ಧವೇ ಹೇಳಿದ್ದೆ. ಅವನು ಶೆಡ್ಡಿನಿಂದ ಬಂದವನು ಕೈಯನ್ನೂ ತೊಳೆಯದೆ, ಜೇಬಿನಿಂದ ಒಂದು ಎಲೆ ತೆಗೆದು ನನ್ನ ಕಾಫಿ ಕಪ್ಪಿನ ಪಕ್ಕ ಇಟ್ಟ. "ನೋಡು ಡಾಗ್ನಿ, ಏನನ್ಸುತ್ತೆ?" ಅಂದ. ನಾನು ನೋಡಿದ್ದು ಮೇಜಿನ ಬಿಳಿ ಬಟ್ಟೆಗೆ ಹತ್ತಿದ ಮಸಿಯನ್ನು. "ಇಂಥ ಗಾಳಕ್ಕೆ ಬೀಳೋ ದಡ್ಡ ಮೀನು ನಮ್ಮ ಕೆರೇಲಿಲ್ಲ. ತೆಗಿ ಇದನ್ನ" ಅಂದೆ. ಅವನು ನಕ್ಕ. "ಇಲ್ವಾ" ಅಂದು ಮತ್ತೆ ಜೇಬಿಗೆ ಹಾಕಿಕೊಂಡ. ಮಸಿಯನ್ನು ತೋಳಿನಿಂದ ಒರೆಸಲು ಹೋದ, ಅದು ಇನ್ನಷ್ಟು ಹರಡಿತು. ತೋಪಿಗೇ ಹಾಕಿಸಿಬಿಡು ಅಂದದ್ದು ಆಮೇಲೆ, ಬನ್ನು ಮುರಿಯುತ್ತ. ಅದನ್ನು ಗಾಳ ಅಂದವಳು ನಾನು, ಗುಡ್ರುನ್. ಅವನು ಒಂದು ದಿನವೂ ಹಾಗೆ ಅಂದಿರಲಿಲ್ಲ. ಮಾರನೆಯ ದಿನದಿಂದ ಶೆಡ್ಡಿನಲ್ಲಿ ಸದ್ದಿಲ್ಲ. ಚಳಿ ಜಾಸ್ತಿಯಾಯಿತು, ಪಾಪ, ಅಂದುಕೊಂಡೆ.