ನಿನ್ನನ್ನು ಬೇಡಿ ಕುಣಿದದ್ದು

ಹೆಸರಿಡುವ ಮೊದಲೇ ಹೋದ ನನ್ನ ಕಂದಾ,

ನೀನು ನನ್ನ ಹೊಟ್ಟೆಗೆ ಹೇಗೆ ಬಂದೆ ಎಂದು ನಿನಗೆ ಹೇಳಬೇಕಾದವಳು ನಾನೇ. ಇಷ್ಟು ದಿನ ಆಗಲಿಲ್ಲ.

ನಾವಿರುವುದು ಅಮೆರಿಕದ ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿ. ಎದುರು ಮನೆಯ ಲಿಗಾಯಾ ಆಂಟಿಗೆ ಹತ್ತಿರದ ಕರ್ನಿ ಮೆಸಾದಲ್ಲಿ ಪುಟ್ಟ ಬೇಕರಿ ಇದೆ. ಅವರು ಫಿಲಿಪ್ಪೀನ್ಸಿನ ಒಬಾಂಡೋ ಎಂಬ ಊರಿನವರು. ಮದುವೆಯಾಗಿ ಎಂಟು ವರ್ಷವಾದರೂ ನನಗೆ ಮಕ್ಕಳಿಲ್ಲವೆಂದು ತಿಳಿದಾಗ ಅವರು ಅಯ್ಯೋ ಎನ್ನಲಿಲ್ಲ. ಕುಣಿಯೋಕೆ ಬರುತ್ತಾ ಎಂದು ಕೇಳಿದರು. ಅವರ ಊರಲ್ಲಿ ಮೇ ತಿಂಗಳ ಹಬ್ಬಕ್ಕೆ ಮಕ್ಕಳಿಲ್ಲದವರು ಸಂತ ಕ್ಲಾರಾಳ ಮೂರ್ತಿಯೊಂದಿಗೆ ಬೀದಿಯುದ್ದಕ್ಕೂ ಕುಣಿಯುತ್ತ ಮಗುವನ್ನು ಬೇಡುತ್ತಾರಂತೆ. ಇಲ್ಲಿರುವ ಆ ಊರಿನವರು ಚರ್ಚಿನ ಪಾರ್ಕಿಂಗ್ ಲಾಟಿನಲ್ಲೇ ಆ ಹಬ್ಬ ಮಾಡುತ್ತಾರೆ.

2022ರ ಮೇನಲ್ಲಿ ನಿನ್ನ ಅಜ್ಜಿ ಶೋಭಾ, ಅಂದರೆ ನನ್ನ ಅತ್ತೆ, ಬೆಂಗಳೂರಿನಿಂದ ಬಂದಿದ್ದರು. ನಾನು ಹಿಂದೆಮುಂದೆ ನೋಡುತ್ತಿದ್ದಾಗ ಅವರೇ ಸೆರಗು ಸಿಕ್ಕಿಸಿಕೊಂಡರು. "ಯಾವ ದೇವ್ರಾದ್ರೇನು ಹರಿಣಿ, ಕೇಳೋದ್ರಲ್ಲಿ ತಪ್ಪೇನಿದೆ? ನಡಿ, ನಾನೂ ಬರ್ತೀನಿ."

ಕಹಳೆ, ಕ್ಲಾರಿನೆಟ್, ಎದೆ ನಡುಗಿಸುವ ದೊಡ್ಡ ಡ್ರಮ್ಮು. ಹೂವಿನ ಟೋಪಿ ಇಟ್ಟ ಹೆಂಗಸರು ಎರಡೂ ಕೈ ಮೇಲೆತ್ತಿ, ಸೊಂಟ ತೂಗುತ್ತ, ಒಂದು ಹೆಜ್ಜೆ ಆ ಕಡೆ ಒಂದು ಈ ಕಡೆ ಇಟ್ಟು ಸಾಗಿದರು. ನನಗೆ ನಾಚಿಕೆ. ಅಜ್ಜಿಗೆ ಮಂಡಿನೋವು. ಆದರೂ ಕುಣಿದೆವು. "ಕೈ ಇನ್ನೂ ಮೇಲೆತ್ತು, ಮಗು ಮೇಲಿಂದ ಬರೋದು!" ಎಂದು ಆಂಟಿ ತಿರುಗಿ ಕೂಗಿದರು. ಅಂದು ನಕ್ಕಷ್ಟು ನಾನು ಈ ದೇಶದಲ್ಲಿ ಎಂದೂ ನಕ್ಕಿರಲಿಲ್ಲ.

ಆಗಸ್ಟ್‌ನಲ್ಲಿ ನೀನು ಹೊಟ್ಟೆಗೆ ಬಂದೆ. ಸುದ್ದಿ ಕೇಳಿ ಅಜ್ಜಿ ಫೋನಿನಲ್ಲೇ ಅತ್ತರು. ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ನಿನ್ನ ಎದೆಬಡಿತ ನಿಂತಿತ್ತು. ಹೆರಿಗೆ ಮಾಡಿಸಿ, ಹೆಣ್ಣು ಎಂದರು. ನಿನ್ನನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ ನಿನ್ನ ಅಪ್ಪ ಶ್ರೀಕರ್ ಪಾದವನ್ನಷ್ಟೇ ಮುಟ್ಟಿದ. ಮುಖ ನೋಡಲು ಅವನಿಂದ ಆಗಲಿಲ್ಲ. ನಾನು ನೋಡಿದೆ. ಅಜ್ಜಿಯದೇ ಹಣೆ.

ಮುಂದಿನ ವರ್ಷಗಳಲ್ಲೂ ಕುಣಿದೆ. ನಗು ಬರಲಿಲ್ಲ, ನೀನೂ ಬರಲಿಲ್ಲ. ಇಂಜೆಕ್ಷನ್ ಚುಚ್ಚಿ ಚುಚ್ಚಿ ಹೊಟ್ಟೆಯೆಲ್ಲ ನೀಲಿಗಟ್ಟಿತ್ತು. ಈ ಮಾರ್ಚ್‌ನಲ್ಲಿ ಡಾಕ್ಟರು ಇನ್ನು ಪ್ರಯತ್ನ ಬೇಡ ಎಂದರು. ಕಾರಿನಲ್ಲಿ ಶ್ರೀಕರ್ ಅಂದ, "ಸಾಕು ಕಣೇ. ನೀನಾದ್ರೂ ಉಳ್ಕೋ." ಅಜ್ಜಿಗೆ ಇದನ್ನು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಮೊನ್ನೆ ಮತ್ತೆ ಹಬ್ಬ. ಆಂಟಿಗೆ ಇಲ್ಲವೆನ್ನಲಾಗದೆ ಹೋದೆ. ಬೇಲಿಯ ಪಕ್ಕ ನಿಂತೆ. ಇಲ್ಲಿ ಸಂಜೆ, ಬೆಂಗಳೂರಿನಲ್ಲಿ ಬೆಳಗು. ಅಜ್ಜಿಯ ವಿಡಿಯೋ ಕಾಲ್ ಬಂತು. "ಬ್ಯಾಂಡ್ ಶುರುವಾಯ್ತಾ? ಫೋನ್ ಆ ಕಡೆ ಹಿಡಿ, ನಂಗೂ ಕೇಳ್ಲಿ." ಹಿಡಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, ಆಗಷ್ಟೇ ತಲೆಗೆ ಸ್ನಾನ ಮಾಡಿ ಟವಲು ಕಟ್ಟಿಕೊಂಡಿದ್ದ ಅವರು ಅಡುಗೆಮನೆಯಲ್ಲಿ ಒಬ್ಬರೇ ಕುಣಿಯುತ್ತಿದ್ದರು. ಏದುಸಿರು ಬಿಡುತ್ತಲೇ ಕೇಳಿದರು, "ನೀನೂ ಕುಣೀತಿದ್ದೀಯ ತಾನೇ?"

"ಹೂಂ ಅತ್ತೆ" ಎಂದೆ. ಬ್ಯಾಂಡು ನಿಲ್ಲುವವರೆಗೂ ಫೋನ್ ಹಿಡಿದು ನಿಂತೇ ಇದ್ದೆ.

ಇನ್ನು ನಿನ್ನನ್ನು ಕರೆಯುವುದಿಲ್ಲ ಕಂದಾ. ಮತ್ತೆ ಹುಟ್ಟುವುದಿದ್ದರೆ ಗಟ್ಟಿ ಒಡಲಿರುವ ತಾಯಿಯನ್ನು ಹುಡುಕಿಕೊಂಡು ಹೋಗು. ಅವಳ ಮಡಿಲಲ್ಲಿ ನೂರ್ಕಾಲ ಬಾಳು.

ನಿನ್ನನ್ನು ಉಳಿಸಿಕೊಳ್ಳಲಾಗದ
ಹರಿಣಿ