ಪೀಣ್ಯದ ಕುಂಬಾರ ಹುಳ

ಅಕ್ಕಾ, ಭಾವನೋರೇ, ಜಗಲಿ ತುಂಬ ನೆರೆದಿರೋ ಸಮಸ್ತ ಸಭಿಕರೇ, ಲಾಲಿಸಿರಿ!

ಲೇತ್ ಮೆಷಿನ್ನುಗಳು ಗರ್ಜಿಸೋ ಈ ಪೀಣ್ಯದಲ್ಲಿ, ನಮ್ಮ ಶೈಲಜಳ ಬಾಗಿಲ ಮೇಲೆ ಕುಂಬಾರ ಹುಳ ಗೂಡು ಕಟ್ಟುತ್ತಿದೆ! ಬೀದಿಯೆಲ್ಲ ಕಾಂಕ್ರೀಟು. ಹಸಿಮಣ್ಣು ಎಲ್ಲಿಂದ ತಂತು ಅಂತೀರಾ? ಓನರ್ ಚಿಕ್ಕಮುನಿಯಪ್ಪನ ಏಸಿ ನೀರು ತೊಟ್ಟಿಕ್ಕೋ ಗೋಡೆ ಬುಡದಿಂದ! ಅಕ್ಕಾ, ಇದೇ ಶೈಲಜ ನಿನ್ನ ಹೊಟ್ಟೆಯಲ್ಲಿದ್ದಾಗ ನಮ್ಮ ಬಚ್ಚಲ ಬಾಳೆ ಬುಡದಿಂದ ಹೀಗೇ ಮಣ್ಣು ಹೊತ್ತು ತರುತ್ತಿತ್ತಲ್ಲ! ಆ ಗೂಡಿಗೆ ಪೊರಕೆ ತಾಗಿಸಿದ್ದಕ್ಕೆ ಅವ್ವ ನನ್ನನ್ನು ಅಂಗಳವೆಲ್ಲ ಅಟ್ಟಾಡಿಸಿದ್ದಳು. ಗೂಡು ಪೂರ್ತಿಯಾದರೆ ಹೆರಿಗೆ ಸಲೀಸು ಅಂತ ಅವಳ ನಂಬಿಕೆ.

ನಿನ್ನೆ ಚಿಕ್ಕಮುನಿಯಪ್ಪ ಏಸಿ ಪೈಪನ್ನು ಚರಂಡಿಗೆ ತಿರುಗಿಸಿಬಿಟ್ಟ. ಮಣ್ಣು ಒಣಗಿತು, ಹುಳ ಬರಿಗೈಲಿ ಸುತ್ತಿ ಸುತ್ತಿ ಹೋಯಿತು.

"ಮಾವ, ಅರ್ಧಕ್ಕೇ ಬಿಟ್ಬಿಡುತ್ತಾ?" ಶೈಲಜ ಹೊಟ್ಟೆ ಮೇಲೆ ಕೈಯಿಟ್ಟು ಕೇಳಿದಳು.

ಓನರ್‌ಗೆ ಹೇಳಿದೆ. "ಹುಳಕ್ಕೂ ನಲ್ಲಿ ಕನೆಕ್ಷನ್ ಕೊಡ್ಬೇಕಾ ಯಜಮಾನ್ರೇ?" ಅಂತ ನಕ್ಕ.

ಶೈಲಜಳಿಗೆ ಏಳು ತಿಂಗಳು ತುಂಬಿದೆ, ಬಿ.ಪಿ. ಸರಿಯಾಗಿದೆ, ಮಾತ್ರೆ ತಪ್ಪಿಸುತ್ತಿಲ್ಲ, ಚಿಂತೆ ಬೇಡ. ಪೋಸ್ಟ್ ಕಾರ್ಡು ತುಂಬಿತು. ನಾಳೆ ಬೆಳಿಗ್ಗೆ ಚೊಂಬು ಹಿಡಿದು, ಆ ಗೋಡೆ ಬುಡಕ್ಕೆ ನಾನೇ ಮಳೆರಾಯನಾಗಿ ಇಳೀತೀನಿ!

ನಿನ್ನ ತಮ್ಮ,
ಚನ್ನವೀರಪ್ಪ